ಅಳಿಯಂದಿರ ಪಾತ್ರೆ

...ಅಲ್ಲ, ಬೆಕ್ಕೇ ಅಂತ ನಾನೆಲ್ಲಿ ಆಣೆ ಮಾಡ್ದೆ? ಬೆಕ್ಕಿರಬಹುದು ಅಂದೆ. ಪಕ್ಕದ ಮನೇದು, ಆ ಬೂದಿ ಬಣ್ಣದ್ದು. ಕಿಟಕಿ ಒಂಚೂರು ತೆಗೆದಿದ್ರೆ ಸಾಕು, ನಮ್ಮ ಅಡುಗೆಮನೆ ಅದರಪ್ಪನ ಆಸ್ತಿ. ನಿಮ್ಮ ಸೂಪು ಖಾಲಿಯಾದ್ರೆ ನನ್ನ ಯಾಕೆ ಕೇಳ್ತೀರಿ ಅಳಿಯಂದಿರೇ? ಅದೂ ಬಾತ್‌ರೂಮಿನ ಒಳಗೆ ಕೂತ್ಕೊಂಡು, ಚಿಲಕ ಹಾಕ್ಕೊಂಡು! ಅತ್ತೇನ ವಿಚಾರಣೆ ಮಾಡೋ ಜಾಗಾನಾ ಇದು?

ಏನು? ಮುಚ್ಚಳಾನಾ?... ಹೌದು, ಪಾತ್ರೆ ಮೇಲೆ ಮುಚ್ಚಳ ಇತ್ತು. ಅದಕ್ಕೇನೀಗ? ಬುದ್ಧಿವಂತ ಬೆಕ್ಕು. ಬಂತು, ಕುಡೀತು, ಮುಚ್ತು, ಹೋಯ್ತು. ಕೆಲವು ಮನುಷ್ಯರಿಗಿಂತ ಅಚ್ಚುಕಟ್ಟು!

ಯಾಕೆ ನಗ್ತೀರಾ? ನಗಬೇಡಿ. ಹೊಟ್ಟೆ ಕೆಟ್ಟಾಗ ನಗಬಾರದು. ಬೇಗ ಮುಗಿಸ್ಕೊಂಡು ಹೊರಗೆ ಬನ್ನಿ... ನನಗಾ? ನನಗೇನವಸರ? ಅಯ್ಯೋ, ನನಗೇನೂ ಇಲ್ಲಪ್ಪ. ಸುಮ್ನೆ... ಕೈ ತೊಳೀಬೇಕಿತ್ತು. ಅಡುಗೆಮನೆ ನಲ್ಲೀಲಾ? ಅಲ್ಲಿ ಪಾತ್ರೆ ರಾಶಿ ಬಿದ್ದಿದೆ. ನಿಮ್ಮ ಹೆಂಡತಿ ನನ್ನ ನಾದಿನೀನ ರೈಲು ಹತ್ತಿಸೋಕೆ ಅಂತ ಹೋದ್ಲು, ನೀವು ಬಂದು ಇಲ್ಲಿ ಹೊಕ್ಕೊಂಡ್ರಿ. ಮಧ್ಯಾಹ್ನದ ಊಟದ ಎಂಜಲು ತಟ್ಟೆ ಎಲ್ಲಾ ಈ ಮುದುಕಿ ತಲೆಗೆ.

ಹೋಗ್ತಾ ನನ್ನ ಮಗಳು ಏನಂದ್ಲು, ಕೇಳಿಸ್ಕೊಂಡ್ರಾ? ಚಪ್ಪಲಿ ಹಾಕ್ಕೊಳ್ತಾ ಅಂದ್ಲು: ಅಮ್ಮ ಬೇಕಂತಲೇ ನಿಮ್ಮ ಸೂಪು ಚೆಲ್ಲಿದಾಳೆ, ನಿಮಗೆ ಈರುಳ್ಳಿ ತಿನ್ನಿಸಿ ಮಜಾ ನೋಡೋಕೆ. ಇನ್ನು ಸಾಕು, ಸಂಜೆ ಆ ಬಾಡಿಗೆ ಮನೆಯವರಿಗೆ ಹೂಂ ಅಂತ ಹೇಳಿಬಿಡೋಣ, ತಿಂಗಳ ಕೊನೆಗೆ ಹೊರಟುಬಿಡೋಣ... ಹಾಗಂದ್ಲು. ಹೆತ್ತ ತಾಯಿ ಎದುರಿಗೇ! ನಾನೇನು ಅಳ್ಳಾಡ್ಲಿಲ್ಲ. ಹೋಗೋರು ಹೋಗಲಿ. ಮನೆ ವಿಶಾಲವಾಗುತ್ತೆ. ಕಾಲು ಚಾಚ್ಕೊಂಡು ಮಲಗ್ತೀನಿ.

ಅಲ್ಲಾ, ಒಂದು ಸೌಟು ಬೀನ್ಸ್ ಕಾಳು ತಿಂದದ್ದಕ್ಕೆ ಇಷ್ಟೊಂದು ಅವಾಂತರವಾ? ಅದರಲ್ಲಿ ಇದ್ದದ್ದಾದ್ರೂ ಏನು ಮಹಾ? ಕಾಳು, ಈರುಳ್ಳಿ, ಬೆಳ್ಳುಳ್ಳಿ. ಮನುಷ್ಯರು ತಿನ್ನೋದೇ! ನಾನು ತಿನ್ನಲಿಲ್ವಾ? ಮತ್ತೆ ಮತ್ತೆ ಬಡಿಸ್ಕೊಂಡು ತಿಂದೆ. ನಾದಿನಿ ಬಾಯಿ ಬಿಟ್ಕೊಂಡು ನೋಡ್ತಿದ್ಲು. ಈ ವಯಸ್ಸಲ್ಲೂ ನಮ್ಮತ್ತಿಗೆ ನೋಡಿ, ನೀವೂ ಇದೀರಿ ಅಂತ ನಿಮ್ಮ ಕಡೆ ತಿರುಗಿ ಹೇಳಿದ್ಲಲ್ಲ! ಅದು ಹೊಟ್ಟೆ ಅಂದ್ರೆ. ಕಲ್ಲು ಹಾಕಿದ್ರೂ ಕರಗಬೇಕು...

ಅ... ಅಯ್ಯಮ್ಮಾ... ಏನಿಲ್ಲ, ಏನಿಲ್ಲ! ಕಾಲು ಜೋಮು ಹಿಡೀತು. ಗೋಡೆಗೆ ಒರಗಿ ನಿಂತಿದೀನಲ್ಲ, ಅದಕ್ಕೆ. ಯಾವ ಸದ್ದು? ಓ, ಅದಾ? ಅದು ಫ್ರಿಜ್ಜು. ನಮ್ಮ ಫ್ರಿಜ್ಜು ಯಾವಾಗ್ಲೂ ಗುರ್ರ್ ಅನ್ನುತ್ತೆ, ನಿಮಗೆ ಗೊತ್ತಲ್ಲ... ಕರೆಂಟಿಲ್ವಾ? ಯಾವಾಗ ಹೋಯ್ತು?

ಸರಿ, ಫ್ರಿಜ್ಜಲ್ಲ. ಏನೋ ಒಂದು ಸದ್ದು. ಹಳೇ ಮನೆ ಅಂದ್ಮೇಲೆ ಸದ್ದು ಬರುತ್ತಪ್ಪ.

ನೋಡಿ, ನಾನು ಬಸ್ಸಲ್ಲಿ ಕಂಡಕ್ಟರ್ ಕೆಲಸ ಮಾಡಿ ರಿಟೈರಾದವಳು. ನಿಮ್ಮ ಹಾಗೆ ತಣ್ಣಗೆ ಕನ್ನಡಕದ ಅಂಗಡೀಲಿ ಕೂತು ಗಾಜು ಒರೆಸಿದವಳಲ್ಲ. ಬಸ್ಸಲ್ಲಿ ಇಂಥ ನಾಜೂಕೆಲ್ಲ ನಡೆಯಲ್ಲ. ಜನ ನೇತಾಡ್ತಿರೋ ಬಸ್ಸನ್ನ ಸೀಟಿ ಊದಿ ನಿಲ್ಸಿ, ಒಂದ್ನಿಮಿಷ ಇರಿ, ಬಂದೆ ಅಂತ ಇಳಿದು ಓಡೋಕಾಗುತ್ತಾ?... ಆಗುತ್ತೆ. ಅಂದ್ರೆ, ಬೇರೆಯವರು ಓಡಿದಾರಂತೆ. ಯಾವ ಸ್ಟಾಪಿನ ಹಿಂದೆ ಏನಿದೆ, ಯಾವ ಪೆಟ್ರೋಲ್ ಬಂಕಿನವನು ನಗ್ತಾ ಬೀಗದ ಕೈ ಕೊಡ್ತಾನೆ, ಯಾವನು ಮುಖ ಸಿಂಡರಿಸ್ತಾನೆ, ಎಲ್ಲಾ ಕಣ್ಣು ಮುಚ್ಕೊಂಡು ಹೇಳ್ತೀನಿ. ಯಾಕಂದ್ರೆ... ಪ್ರಯಾಣಿಕರು ಕೇಳ್ತಾರಲ್ಲ! ಕಂಡಕ್ಟರಿಗೆ ಗೊತ್ತಿರಬೇಡ್ವಾ?

ಮತ್ತೆ ನಗು! ನಗೋಕೆ ತ್ರಾಣ ಇದೆ ಅಂದ್ಮೇಲೆ ಹೊಟ್ಟೆ ಸರಿಹೋಗಿದೆ ಅಂತಾಯ್ತು. ಎದ್ದು ಬನ್ನಿ.

ನಿಮ್ಮದು ನಿಜವಾದ ಕಾಯಿಲೆ ಆಗಿದ್ರೆ ರಿಪೋರ್ಟಲ್ಲಿ ಬರಬೇಕಿತ್ತಪ್ಪ. ರಕ್ತ ನೋಡಿದ್ರು, ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ರು, ಎಲ್ಲಾ ಸರಿ ಇದೆ ಅಂದ್ರು. ಎಲ್ಲಾ ಸರಿ ಇದ್ರೆ ಮತ್ತೇನು ರೋಗ? ಆ ಡಾಕ್ಟರಮ್ಮ ಹೇಳಿದ್ರಂತೆ, ಕರುಳು ನೋಡೋಕೆ ಚೆನ್ನಾಗೇ ಇದೆ, ಕೆಲಸ ಮಾಡೋದು ಮಾತ್ರ ತನ್ನಿಷ್ಟದ ಹಾಗೆ ಅಂತ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದ್ರೂ ಇಂಥವರಿಗೆ ಪ್ರಾಣ ಹೋದ ಹಾಗೆ ನೋಯುತ್ತಂತೆ. ನಾನು ನಕ್ಕುಬಿಟ್ಟೆ, ಎಲ್ಲರ ಮುಂದೇನೇ. ಕರುಳಿಗೂ ಮುನಿಸಾ ಅಂತ ಕೇಳ್ದೆ. ಸೇಬು ತಿಂದ್ರೆ ಹೊಟ್ಟೆ ಉಬ್ಬುತ್ತೆ ಅನ್ನೋ ಗಂಡಸನ್ನ ನಾನು ಈ ಜನ್ಮದಲ್ಲಿ ನೋಡಿರಲಿಲ್ಲ!

ಆಮೇಲೆ ಶುರುವಾಯ್ತಲ್ಲ ನಿಮ್ಮ ಬೇರೆ ಪಾತ್ರೆ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೋಧಿ ಇಲ್ಲ, ಹಾಲಿಲ್ಲ, ಕಾಳಿಲ್ಲ. ಮೊದಲು ಎಲ್ಲಾ ಬಿಡೋದಂತೆ, ಹೊಟ್ಟೆ ತಣ್ಣಗಾದ ಮೇಲೆ ಒಂದೊಂದನ್ನೇ ವಾಪಸ್ ಕರೆದು ಯಾವುದು ತಂಟೆ ಮಾಡುತ್ತೆ ಅಂತ ನೋಡೋದಂತೆ. ಬೆಳ್ಳುಳ್ಳೀನ ಎಣ್ಣೇಲಿ ಹುರಿದು, ಬೆಳ್ಳುಳ್ಳೀನ ಎತ್ತಿ ಬಿಸಾಕಿ, ಬರೀ ಎಣ್ಣೆ ಸೂಪಿಗೆ ಹಾಕ್ತೀರಲ್ಲ... ಎಂಥ ದಂಡ ಅಂದ್ಕೊಂಡಿದ್ದೆ. ಆದ್ರೆ ಆಹಾ, ಏನು ಘಮ! ನಾಲಿಗೆಗೆ ಬೆಳ್ಳುಳ್ಳಿ ಇದೆ, ಹೊಟ್ಟೆಗೆ ಗೊತ್ತೇ ಆಗಲ್ಲ! ಕ್ಯಾರೆಟ್ಟು ಬೆಣ್ಣೆ ಥರ ಕರಗಿರುತ್ತೆ, ಕೊನೇಲಿ ಶುಂಠಿ ಚುರ್ ಅನ್ನುತ್ತೆ... ಅಂತ ನೀವು ಹೇಳಿದ್ರಿ. ನೀವೇ ಹೇಳಿದ್ದು! ನಾನೆಲ್ಲಿ ತಿಂದಿದೀನಿ? ವಾಸನೆ ಬರುತ್ತಪ್ಪ, ಮೂಗು ಮುಚ್ಕೊಂಡು ಓಡಾಡೋಕಾಗುತ್ತಾ?

ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಚೆಗೆ ಅದಕ್ಕೆ ಹಾಲು ಸೇರಿಸೋಕೆ ಶುರು ಮಾಡಿದೀರಲ್ಲ, ಅದು ಬೇಡ. ನಿಮಗೆ ಹಾಲು ಒಗ್ಗುತ್ತೆ ಅಂತ ಗೊತ್ತಾಯ್ತು, ಸಂತೋಷ. ಹಾಗಂತ ಎಲ್ಲರ ಹೊಟ್ಟೆ ಒಂದೇ ಥರ ಇರುತ್ತಾ? ನಿಮಗೆ ಆಗಿದ್ದು ಇನ್ನೊಬ್ಬರಿಗೆ ಆಗಲ್ಲ. ಸೋಮವಾರ ಸಂಜೆ ನನಗೆ ಎಂಥಾ...

ಬೆಕ್ಕಿಗೆ. ಬೆಕ್ಕಿನ ವಿಷಯ ಹೇಳ್ತಿದೀನಿ ನಾನು. ಹೌದು! ಕೆಲವು ಬೆಕ್ಕಿಗೆ ಹಾಲು ಆಗಲ್ಲ!

ಅಳಿಯಂದಿರೇ?

ನೀರಿನ ಸದ್ದೇ ಇಲ್ಲ... ಅದೇನದು ಸರಸರ? ಪೇಪರ್! ಪೇಪರ್ ಓದ್ತಾ ಇದೀರಾ ಒಳಗೆ? ಕೆಲಸ ಮುಗಿದು ಯಾವ ಕಾಲ ಆಯ್ತೋ, ಆರಾಮಾಗಿ ಕೂತು ಪೇಪರ್! ಇಲ್ಲಿ ಒಬ್ಬಳು ಹೆಂಗಸು ಬೆವರು ಒರೆಸ್ಕೊಳ್ತಾ ಒಂಟಿ ಕಾಲಲ್ಲಿ... ಅಲ್ಲ, ಎರಡು ಕಾಲಲ್ಲಿ... ಅಯ್ಯೋ, ಬಾಗಿಲು ತೆಗೀರಿ! ದಮ್ಮಯ್ಯ ಅಂತೀನಿ!

ಏನು? ಮೊದಲು ನಿಜ ಹೇಳ್ಬೇಕಾ? ಇದು ಅನ್ಯಾಯ. ಇದು ಹಗಲು ದರೋಡೆ. ನಿಮ್ಮಪ್ಪ ಅಮ್ಮ ಇದನ್ನೇನಾ ಕಲಿಸಿದ್ದು?

...ಚೆಲ್ಲಲಿಲ್ಲ.

ಚೆಲ್ಲಲಿಲ್ಲ ಅಂದೆ! ಕುಡಿದೆ. ನಾನೇ ಕುಡಿದೆ. ಬೆಳಿಗ್ಗೆ ನಿಂತ್ಕೊಂಡೇ, ಸೌಟಲ್ಲೇ. ಪಾತ್ರೆ ಬಗ್ಗಿಸಿ ತಳಾನೂ ಕೆರೆದೆ. ಸಾಕಾ? ತೆಗೀರಿ ಈಗ! ಸರೀರಿ, ಸರೀರಿ, ಪಕ್ಕಕ್ಕೆ ಸರೀರಿ...

ಅಬ್ಬಾ... ದೇವರೇ... ಅಬ್ಬಬ್ಬಬ್ಬಾ...

ದೂರ ಹೋಗಿ! ಬಾಗಿಲ ಹತ್ತಿರ ನಿಲ್ಲಬೇಡಿ!... ಹೋದ್ರಾ? ಅಷ್ಟು ದೂರ ಬೇಡ. ಇಲ್ಲೇ ಇರಿ, ಕಿವಿ ಮುಚ್ಕೊಳ್ಳಿ. ಮುಚ್ಕೊಂಡ್ರೆ ನಾನು ಹೇಳೋದು ಹೇಗೆ ಕೇಳುತ್ತೆ? ಒಂದು ಕಿವಿ ಮುಚ್ಕೊಳ್ಳಿ.

ಮೊದಮೊದಲು ಬರೀ ಒಂದು ಚಮಚ. ಆಡಿಕೊಳ್ಳೋಕಾದ್ರೂ ರುಚಿ ನೋಡಿರಬೇಕಲ್ಲ ಅಂತ. ಆಮೇಲೆ ಒಂದಿನ ಮಧ್ಯಾಹ್ನ ಊಟಾನೇ ಮಾಡಿದೆ, ನಿಮ್ಮ ಸೂಪು, ಅನ್ನ. ಅವತ್ತು ನನ್ನ ಹೊಟ್ಟೆ ಸುಮ್ಮನಿತ್ತು. ಸುಮ್ಮನಿತ್ತು ರೀ! ಹೊಟ್ಟೆ ಅನ್ನೋದು ಒಂದಿದೆ ಅಂತಲೇ ಗೊತ್ತಾಗಲಿಲ್ಲ. ಗಾಬರಿಯಾಯ್ತು ನನಗೆ. ಎಲ್ಲರ ಹೊಟ್ಟೇನೂ ನನ್ನದರ ಹಾಗೇ ಅಂತ ತಿಳ್ಕೊಂಡಿದ್ದೆ ನಾನು. ಎಲ್ಲರಿಗೂ ತಿಂದ ಮೇಲೆ ಹೀಗೇ ಹಿಂಡುತ್ತೆ, ಎಲ್ಲರೂ ಹಲ್ಲು ಕಚ್ಚಿ ಸಹಿಸ್ಕೊತಾರೆ, ನೀವೊಬ್ಬರು ಮಾತ್ರ ಬಾಯಿ ಬಿಟ್ಟು ಹೇಳ್ತೀರಿ, ಅದಕ್ಕೆ ನಿಮ್ಮನ್ನ ಕಂಡ್ರೆ ಸಿಟ್ಟು.

ಬಸ್ಸಲ್ಲಿ ಬೆಳಗಿಂದ ಉಪವಾಸ ಇರ್ತಿದ್ದೆ. ತಿಂದ್ರೆ ತಾನೆ ಅಪಾಯ? ಮನೆಗೆ ಬಂದು ಬಕಾಸುರನ ಹಾಗೆ ತಿಂತಿದ್ದೆ. ನೋಡಿದವರೆಲ್ಲ ಎಂಥ ಹೊಟ್ಟೆಯಪ್ಪ ಇವಳದು ಅನ್ನೋರು. ಆಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಒದ್ದಾಡ್ತಿದ್ದದ್ದು ಯಾರಿಗೆ ಗೊತ್ತು? ಇವತ್ತೂ ಅಷ್ಟೇ. ನಾದಿನಿ ಎದುರಿಗೆ ಕಾಳು ತಿನ್ನಲೇಬೇಕು ಅಂತ ಗೊತ್ತಿತ್ತು. ಅದಕ್ಕೇ ಮುಂಜಾಗ್ರತೆ ಇರಲಿ, ಹೊಟ್ಟೆ ತಣ್ಣಗಿರಲಿ ಅಂತ ಬೆಳಿಗ್ಗೆ ನಿಮ್ಮ ಸೂಪು ಕುಡಿದೆ, ಇವತ್ತಿನದರಲ್ಲಿ ಹಾಲಿರಲಿಲ್ಲವಲ್ಲ. ನಿಮಗೆ ತಿನ್ನೋಕೆ ಬೇರೆ ಏನೂ ಇರಲ್ಲ ಅಂತ ಹೊಳೀಲೇ ಇಲ್ಲ ನನಗೆ. ನಾದಿನಿ ನಿಮ್ಮ ತಟ್ಟೆಗೆ ಕಾಳು ಸುರಿದಾಗ ಹೊಳೀತು. ಆಗ ಬೇಡ ಅನ್ನೋಕೆ ಬಾಯಿ ಬರಲಿಲ್ಲ. ತಪ್ಪಾಯ್ತು. ನಿಜವಾಗ್ಲೂ ತಪ್ಪಾಯ್ತು.

ಏನಂದ್ರಿ? ಗೊತ್ತಿತ್ತಾ? ಯಾವಾಗಿಂದ?... ಅದಕ್ಕೇನಾ ದೊಡ್ಡ ಪಾತ್ರೆ ತಂದದ್ದು! ನಾನೆಲ್ಲೋ ಅಳಿಯಂದಿರಿಗೆ ಹಸಿವು ಜಾಸ್ತಿಯಾಗಿದೆ ಅಂದ್ಕೊಂಡೆ! ದಿನಾ ಜನರ ಕಣ್ಣು ನೋಡೋ ನಿಮ್ಮ ಕಣ್ಣಿಗೇ ಮಣ್ಣೆರಚೋಕೆ ಹೋದೆನಲ್ಲ ನಾನು. ಮತ್ತೆ ಮಗಳಿಗೆ ಯಾಕೆ ಹೇಳಲಿಲ್ಲ? ನಾನೇ ಹೇಳಲಿ ಅಂತಾನಾ?

ಅದೊಂದು ಮಾತ್ರ ಆಗಲ್ಲ. ಅವಳಿಗೆ ಗೊತ್ತಾಗಬಾರದು. ಚೆಲ್ಲಿದಾಳೆ ಅಂತಲೇ ಇರಲಿ, ಕೆಟ್ಟವಳು ಅಂತಲೇ ಬೈಲಿ. ಇಷ್ಟು ದಿನ ನಿಮ್ಮನ್ನ ಆಡಿಕೊಂಡು ನಕ್ಕು, ಈಗ ನನಗೂ ಅದೇ ಅಂತ ಯಾವ ಮುಖ ಇಟ್ಕೊಂಡು ಹೇಳಲಿ? ನೀವು ಏನಾದ್ರೂ ನೆಪ ಹೇಳಿ ಆ ಮನೆ ಬೇಡ ಅನ್ನಿ. ಗಾಳಿ ಸರಿ ಇಲ್ಲ ಅನ್ನಿ. ಗೋಡೆ ತೇವ ಅನ್ನಿ. ಹೋಗಬೇಡಿ ನೀವು. ಸೂಪಿಗಾಗಿ ಹೇಳ್ತಿಲ್ಲ... ಸೂಪಿಗೂ ಹೌದು. ಆದ್ರೆ ನನ್ನಂಥ ಹೊಟ್ಟೆ ಇರೋರು ಇನ್ಯಾರಿದಾರೆ ನನಗೆ? ನೀವು ಮುಖ ಕಿವುಚಿದಾಗೆಲ್ಲ, ಅಯ್ಯೋ ಪಾಪ, ಇದು ನನಗೆ ಗೊತ್ತು ಅನ್ಸುತ್ತೆ. ನಗ್ತಾ ನಗ್ತಾನೇ ಅನ್ಸುತ್ತೆ. ನೀವು ಬಂದ ಮೇಲೆ ನಾನೊಬ್ಬಳೇ ಅಲ್ಲ ಅಂತಾಯ್ತು. ಹೋಗಬೇಡಿ.

ಹೂಂ ಅನ್ನಿ.

...ಅಳಿಯಂದಿರೇ? ಕೆಮ್ಮಿಯಾದ್ರೂ ಕೆಮ್ಮಿ. ಇಷ್ಟು ಹೊತ್ತು ಸುಮ್ಮನಿರೋರಲ್ಲ ನೀವು, ನಗೋದಾದ್ರೂ ನಗ್ತೀರಿ... ಯಾರು ಅದು ಮೂಗು ಎಳೆದದ್ದು?

ಮಗಳೇ?

ರೈಲು ಅಷ್ಟು ಬೇಗ ಹೊರಟುಬಿಡ್ತಾ?... ಯಾವಾಗ ಬಂದೆ ನೀನು? ಕುಡಿದೆ ಅಂದದ್ದು ಕೇಳಿಸ್ತಾ? ಬಸ್ಸಿನ ವಿಷಯ?... ಬೈಯೋದಾದ್ರೆ ಬೈದುಬಿಡೇ... ಅಳ್ತಾ ಇದೀಯಾ? ನಗ್ತಾ ಇದೀಯಾ? ಬಾಗಿಲಾಚೆಯಿಂದ ಎರಡೂ ಒಂದೇ ಥರ ಕೇಳುತ್ತೆ ಕಣೇ.

ಹೂಂ. ಆಯ್ತು ಬಿಡು. ಎಲ್ಲಾ ಕೇಳಿಸ್ಕೊಂಡಿದೀಯ. ಇನ್ನು ಮುಚ್ಚಿಡೋಕೆ ನನ್ನ ಹತ್ರ ಏನೂ ಉಳಿದಿಲ್ಲ.

ಹಾಗಿದ್ರೆ ಒಂದು ಕೆಲಸ ಮಾಡು. ಆ ಮನೆಯವರಿಗೆ ಈಗಲೇ ಫೋನ್ ಮಾಡಿ ಕೇಳು, ಅಲ್ಲಿ ಬಾತ್‌ರೂಮು ಎಷ್ಟಿದೆ ಅಂತ. ಎರಡಿದ್ರೆ ನಾನೂ ಬರ್ತೀನಿ.