ಬಾಗಿಲ ಬಳಿಯ ನಿಂಬೆಹಣ್ಣು

ಬೆಳಿಗ್ಗೆ ಹೊಸಪೇಟೆ ಬಸ್ ನಿಲ್ದಾಣದ ಶೌಚಾಲಯದ ಮುಂದೆ ಹೆಂಗಸರ ಸಾಲಿತ್ತು. ನನ್ನ ಮುಂದೆ ಹಲ್ಲುಜ್ಜುವ ಬ್ರಷ್ ಹಿಡಿದ ಸೊಸೆ, ಅವಳ ಪಕ್ಕ ಅತ್ತೆ.

“ರಾತ್ರಿ ವ್ಯಾನ್ ಸುತ್ತ ಯಾರೋ ತಿರುಗಿದ್ರು. ನಿಮಗೂ ಕೇಳಿಸ್ತೇನ್ರಿ ಅತ್ತಿ?”

“ಕೇಳಿಸ್ತವ್ವ. ಉಸಿರು ಬಿಗಿಹಿಡದು ಮಲಗಿದ್ದೆ. ಹಾಸಿಗಿ, ಒಲಿ ಹಾಕ್ಸಿದ ವ್ಯಾನು, ಪ್ರವಾಸದವ್ರಿಗೆ ಬಾಡಿಗಿಗೆ ಬಿಡೂ ಮೊದ್ಲು ನಾವ ಒಂದಿನ ಒಳಗ ಮಲಗಿ ನೋಡೋಣು ಅಂದ ನಿನ್ನ ಗಂಡ ಶಂಭುಲಿಂಗ, ನಾವೂ ಹೂಂ ಅಂದ್ವಿ.”

“ಕಳ್ಳರಾಗಿದ್ರ ಬಾಗಿಲ ಎಳೀತಿದ್ರು. ಇವ್ರು ಏನೋ ಗೊಣಗಿ ಹೋದ್ರು.”

“ರಾತ್ರಿ ಗಾಡಿ ನಿಲ್ಲಿಸೂವಾಗ ನಾ ನಿದ್ದಿಗಣ್ಣಾಗಿದ್ದೆ, ನೋಡ್ಲಿಲ್ಲ. ಗಾಡಿ ಎಲ್ಲಿ ನಿಲ್ಸಿದ್ದ?”

“ಮೂರು ದಾರಿ ಕೂಡೂ ಕಡೆ. ಲೈಟ್ ಕಂಬ ಐತಿ, ಅಂಜಬ್ಯಾಡ ಅಂದ್ರು ನಿಮ್ಮ ಮಗ.”

“ಅಯ್ಯೋ ಶಿವನ! ನಿನ್ನೆ ಅಮಾಸಿ. ದೃಷ್ಟಿ ತೆಗೆದ ನಿಂಬಿಹಣ್ಣು ಜನ ಅಂಥಲ್ಲೇ ಬಿಟ್ಟು ಹೋಗ್ತಾರ. ಬಾಗಿಲ ಹತ್ರ ಏನಾರ ಬಿದ್ದಿತ್ತೇನು?”



“ಒಂದು ನಿಂಬಿಹಣ್ಣು ಇತ್ರಿ. ನಮ್ಮ ಬುಟ್ಟಿಂದ ಉರುಳೈತಿ ಅಂತ ಎತ್ತಿಕೊಂಡೆ.”

“ಕುಂಕುಮ ಹಚ್ಚಿತ್ತೇನು?”

“ಕೆಂಪಗಿತ್ತು. ಸಂಡೂರು ಲಾರಿಗಳ ಅದಿರಿನ ಧೂಳು ಅಂದ್ಕೊಂಡು ತೊಳೆದೆ.”

“ಈಗ ಎಲ್ಲೈತಿ?”

“ಚಿತ್ರಾನ್ನಕ್ಕ ಹಿಂಡೀನ್ರಿ.”

“ಕೂಸು ತಿಂದೈತೇನು?”

“ಅವರಪ್ಪ ಈಗ ವ್ಯಾನಿನ್ಯಾಗ ತಿನ್ಸಾಕತ್ತಾರ.”

ಇಬ್ಬರೂ ಸಾಲು ಬಿಟ್ಟು ಓಡಿದರು. ಸೊಸೆಯ ಕೈಯಿಂದ ಬ್ರಷ್ ಜಾರಿತು. ಎತ್ತಿಕೊಡಲೆಂದು ಬಗ್ಗಿದ ನಾನು, ಮುಟ್ಟದೆ ಅದನ್ನು ದಾಟಿ ಮುಂದೆ ನಿಂತೆ.