ಬಂಟನ ಬಾಯಿಕುಕ್ಕೆ

ಹರಿಹರದ ದನದ ಆಸ್ಪತ್ರೆಯಲ್ಲಿ ಕೊಂಡಜ್ಜಿಯ ಅಂಜಿನವ್ವ ಕುಂಟು ಹುಂಜವನ್ನು ಬುಟ್ಟಿಯಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗಂಡ ಹೆಂಡತಿ, ಅವರ ಕಾಲ ಬಳಿ ಕರುವಿನಷ್ಟು ದೊಡ್ಡ ಕರಿ ನಾಯಿ. ಎತ್ತಿಗೆ ಕಟ್ಟುವಂಥ ಬಾಯಿಕುಕ್ಕೆಯನ್ನು ಹೆಂಡತಿ ಅದರ ಮೂತಿಗೆ ಹಾಕಲು ಹೆಣಗುತ್ತಿದ್ದಳು.

“ಹಾಕ್ಕೊಳ್ಳೋ ಬಂಟ, ನನ್ನ ಚಿನ್ನ.”

“ಬ್ಯಾಡ ಬಿಡು ಸಹನಾ, ಪಾಪ.”

“ಐರ್ಲೆಂಡ್‌ನಾಗ ಈ ಜಾತಿ ನಾಯಿ ಬೀದಿಗೆ ಬರ್ಬೇಕಂದ್ರೆ ಬಾಯಿ ಕಟ್ಟಿರ್ಬೇಕು ಅಂತ ಕಾನೂನೇ ಐತೆ ರೀ. ನಾವು ಅಲ್ಲಿಗೆ ಹೋಗೋದ್ರೊಳಗೆ ರೂಢಿ ಆಗ್ಲಿ.”

“ಇದು ಯಾರ್ನ ಕಚ್ಚೈತೆ?”

“ಅದು ನಮಗೆ ಗೊತ್ತು. ಅಲ್ಲಿಯೋರಿಗೆ ಹೆಂಗೆ ಗೊತ್ತಾಗ್ಬೇಕು?”

“ಹಾಕ್ಕೊಳ್ಳೋದೇ ಇಲ್ಲ ಅಂದ್ರೆ?”

“ಅಲ್ಲಿ ಸಿಕ್ಕಿರೋ ನನ್ನ ಕೆಲ್ಸ ಹೋದ್ರೆ ಹೋಗ್ಲಿ, ಮೂರೂ ಜನ ಇಲ್ಲೇ ಇರಾಣ. ಬಿಟ್ಟು ಮಾತ್ರ ಹೋಗಲ್ಲ.”

ಗಂಡ ನಾಯಿಯ ತಲೆ ಹಿಡಿದುಕೊಂಡ. ಕುಕ್ಕೆಯ ಪಟ್ಟಿ ಬಿಗಿಯಾಯಿತು. ಅಷ್ಟರಲ್ಲಿ ಹುಂಜ ಬುಟ್ಟಿಯಿಂದ ಕತ್ತು ಚಾಚಿ ಕೂಗಿತು. ಅಷ್ಟು ದೊಡ್ಡ ನಾಯಿ ಸಹನಾಳ ಮಡಿಲಿಗೆ ಕುಕ್ಕೆ ಸಮೇತ ತಲೆ ತೂರಿಸಿ ನಡುಗತೊಡಗಿತು.

ಒಳಗಿನಿಂದ ಡಾಕ್ಟರು ಬಂಟನನ್ನು ಕರೆದರು. ಬುಟ್ಟಿ ದಾಟಿಯೇ ಹೋಗಬೇಕು, ಬಂಟ ಏಳಲೊಲ್ಲ.

ಅಂಜಿನವ್ವ ಹುಂಜದ ಮೇಲೆ ಸೆರಗು ಹೊದಿಸಿ, “ಹೋಗಪ್ಪ, ನಮ್ಮದು ಏನೂ ಮಾಡಲ್ಲ” ಎಂದಳು.

ಬಂಟ ಗೋಡೆಗೆ ಮೈ ಉಜ್ಜಿಕೊಂಡು ಒಳಗೆ ಹೋದ.