ಅಕ್ಕ ತಂದ ಎಳನೀರು

ಕಾಯಿಲೆಯವರನ್ನು ನೋಡಲು ಹೋಗುವಾಗ ನಾವೆಲ್ಲ ಏನು ಒಯ್ಯುತ್ತೇವೆ, ಹೇಳಿ? ಮೂಸಂಬಿ, ಬಾಳೆಹಣ್ಣು, ಎಳನೀರು. ಪ್ರೀತಿಯಿಂದಲೇ ಒಯ್ಯುತ್ತೇವೆ. ಆ ಪ್ರೀತಿಗೆ ಸಂಬಂಧಿಸಿದ ಒಂದು ಕಥೆ ಕೇಳಿ.

ತಿಪಟೂರಿನಲ್ಲಿ ಪಂಚಾಕ್ಷರಯ್ಯ ಎಂಬ ಕೊಬ್ಬರಿ ವ್ಯಾಪಾರಿ ಇದ್ದರು. ಅನುಕೂಲಸ್ಥರು. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಐವತ್ತು ದಾಟುವಷ್ಟರಲ್ಲಿ ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ನೀರು ಅಳತೆಯಲ್ಲಿ ಕುಡೀರಿ. ಎಳನೀರು ಬೇಡವೇ ಬೇಡ. ಡಯಾಲಿಸಿಸ್ ತಪ್ಪಿಸಬೇಡಿ. ಕಿಡ್ನಿ ಕೆಟ್ಟವರಿಗೆ ದೊಡ್ಡ ಭಯ ಹೃದಯದ್ದು."

ನೋಡಿ, ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಏನಾಯಿತು?

ಅವರಿಗೊಬ್ಬ ಅಕ್ಕ, ಶಿವನಂಜಮ್ಮ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದಾಕೆ. ಬಂಧುಗಳ ಮದುವೆಗೆಂದು ಹಿಂದಿನ ಸಂಜೆಯೇ ಹಳ್ಳಿಯಿಂದ ಬಂದರು, ಚೀಲದ ತುಂಬ ಎಳನೀರು ತಂದರು. ತಾವೇ ಕೆತ್ತಿ ಕೊಟ್ಟರು.

"ಕುಡಿಯಪ್ಪಾ, ಎಷ್ಟು ಸೊರಗಿದೀಯ. ಹೊಟ್ಟೆ ತಣ್ಣಗಾಗ್ಲಿ."

ಹೆಂಡತಿ ಓಂಕಾರಮ್ಮ ಒಳಗಿನಿಂದ ಓಡಿ ಬಂದರು. "ಅತ್ತಿಗೆ, ಡಾಕ್ಟ್ರು ಬ್ಯಾಡ ಅಂದವ್ರೆ!"

"ಸುಮ್ನಿರೇ," ಎಂದರು ಪಂಚಾಕ್ಷರಯ್ಯ. "ಅಕ್ಕ ಅಷ್ಟು ದೂರದಿಂದ ಹೊತ್ಕೊಂಡು ಬಂದವ್ಳೆ."

ಒಂದನ್ನು ಕುಡಿದರು. ಅಕ್ಕ ಇನ್ನೊಂದು ಕೊಟ್ಟರು, ಅದನ್ನೂ ಕುಡಿದರು. ಮರುದಿನ ಡಯಾಲಿಸಿಸ್ ಇತ್ತು. ಮದುವೆಗೆ ಹೋಗದಿದ್ದರೆ ನೆಂಟರು ಏನಂದುಕೊಂಡಾರು? ಹಾಗೆಂದು ಡಯಾಲಿಸಿಸ್ಸನ್ನೇ ಬಿಟ್ಟರು.

ಊಟದ ಪಂಕ್ತಿಯಲ್ಲಿ ಕೂತಾಗ ಅವರ ಕೈಕಾಲು ಸೋತುಬಂದವು. ಎದೆ ಒಮ್ಮೆ ಓಡುತ್ತದೆ, ಒಮ್ಮೆ ನಿಂತಂತಾಗುತ್ತದೆ. ಆದರೂ ಬಾಯಿ ಬಿಡಲಿಲ್ಲ. ಯಾಕೆ? ಶುಭಕಾರ್ಯ ಕೆಡಬಾರದಲ್ಲ!

ಪಕ್ಕದಲ್ಲಿದ್ದ ಅಕ್ಕ, ತಮ್ಮನ ಕೈಯಿಂದ ತುತ್ತು ಜಾರಿ ಬಿದ್ದದ್ದನ್ನು ಕಂಡರು. ಎಂಜಲು ಕೈಯಲ್ಲೇ ಅವರ ತೋಳು ಹಿಡಿದರು.

"ಯಾಕೋ ಹಿಂಗೆ ಬೆವರ್ತಿದೀಯ? ನಿಜ ಹೇಳೋ."

"ಎದೆ ಯಾಕೋ ಸರಿಯಿಲ್ಲ ಕಣಕ್ಕ."

ಶಿವನಂಜಮ್ಮ ಎಲೆ ಬಿಟ್ಟು ಎದ್ದರು. ಪಂಕ್ತಿಯ ನಡುವೆ ಏಳಬಾರದೆಂದು ಯಾರೋ ಅಂದರು. ಆಕೆ ಕಿವಿಗೊಡಲಿಲ್ಲ. ಸಿಕ್ಕ ಕಾರಿನಲ್ಲಿ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದರು. ಎಳನೀರಿನಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ, ಡಯಾಲಿಸಿಸ್ ತಪ್ಪಿದ್ದರಿಂದ ಹೊರಹೋಗದೆ ರಕ್ತದಲ್ಲಿ ಏರಿ, ಹೃದಯ ತಾಳ ತಪ್ಪಿತ್ತು. "ಇನ್ನಷ್ಟು ತಡವಾಗಿದ್ದರೆ ನಿಂತೇಹೋಗುತ್ತಿತ್ತು," ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು, ಕೂಡಲೇ ಡಯಾಲಿಸಿಸ್ ಮಾಡಿದರು. ಪಂಚಾಕ್ಷರಯ್ಯ ಉಳಿದುಕೊಂಡರು.

ವಿಷಯ ತಿಳಿದ ಅಕ್ಕ ಮಂಚದ ಪಕ್ಕ ಕುಸಿದು ಕೂತರು. "ನನ್ ಕೈಯಾರೆ ಕೊಟ್ಬಿಟ್ನಲ್ಲೋ!"

"ನೀನೇನು ಮಾಡ್ದೆ? ನಾನು ಬ್ಯಾಡ ಅನ್ಬೇಕಿತ್ತು. ನಿಂಗೆ ಬೇಜಾರಾಗ್ತದೆ ಅಂತ..."

"ಬೇಜಾರಾದ್ರೆ ಒಂದು ಗಳಿಗೆ ಅತ್ತು ಸುಮ್ನಾಗ್ತಿದ್ದೆ," ಎಂದರು ಶಿವನಂಜಮ್ಮ. "ನೀನು ಹೋಗಿದ್ರೆ ನಾನು ಎಲ್ಲಿಗೆ ಹೋಗ್ಬೇಕಿತ್ತೋ?"

ಕೇಳಿದಿರಾ? ಈಗ ನನ್ನ ಮಾತು ನಿಮಗೆ. ಈ ಸಭೆಯಲ್ಲೂ ಡಯಾಲಿಸಿಸ್‌ಗೆ ಹೋಗುವವರಿದ್ದೀರಿ. ಬೇಡ ಎನ್ನುವುದನ್ನು ಕಲಿಯಿರಿ, ತಂದೆಯರೇ, ತಾಯಂದಿರೇ. ಪ್ರೀತಿಸುವವರಿಗೆ ಬೇಡ ಎನ್ನುವುದು ಪಾಪವಲ್ಲ. ಯಾವ ಮದುವೆಗಾಗಿಯೂ ಡಯಾಲಿಸಿಸ್ ಬಿಡಬೇಡಿ. ಉಸಿರು ಕಟ್ಟಿದರೆ, ಎದೆ ಹಿಡಿದರೆ, ಕಾಲು ಊದಿದರೆ ಮುಚ್ಚಿಡಬೇಡಿ, ಆ ಕ್ಷಣವೇ ಹೇಳಿ.

ಉಳಿದವರೇ, ಅವರನ್ನು ನೋಡಲು ಹೋಗುವಾಗ ಬರಿಗೈಯಲ್ಲಿ ಹೋಗಿ, ನಾಚಿಕೆಪಡಬೇಡಿ. ಕುಡಿ, ತಿನ್ನು ಎಂದು ಬಲವಂತ ಮಾಡಬೇಡಿ. ಹತ್ತಿರ ಕೂತು ಕೇಳಿ: "ಉಸಿರಾಟ ಹೇಗಿದೆ? ಮುಂದಿನ ಡಯಾಲಿಸಿಸ್ ಯಾವತ್ತು? ಜೊತೆಗೆ ನಾನು ಬರಲಾ?"